ಅತ್ತೆ ತೊಳೆದ ಹಳ್ಳ

ನಮ್ಮತ್ತೆಗೆ ಕಸ ಕಂಡರಾಗುವುದಿಲ್ಲ. ಇದು ಸುಮ್ಮನೆ ಬಾಯಿಮಾತಿಗೆ ಹೇಳುವುದಲ್ಲ. ಕಸ ಕಂಡರೆ ಅವರಿಗೆ ಊಟ ಸೇರುವುದಿಲ್ಲ, ನಿದ್ದೆ ಹತ್ತುವುದಿಲ್ಲ. ಬಕೆಟ್ಟಿನ ಒಳಗೆ ತೊಳೆಯುವವರನ್ನು ಎಲ್ಲರೂ ನೋಡಿರುತ್ತಾರೆ. ಅದರ ತಳವನ್ನೂ ಉಜ್ಜಿ, ಬೋರಲು ಹಾಕಿ, ಒಣಗಿತೋ ಇಲ್ಲವೋ ಎಂದು ಬೆರಳಲ್ಲಿ ಮುಟ್ಟಿ ನೋಡುವವರನ್ನು ನಾನು ಈ ಮನೆಗೆ ಸೊಸೆಯಾಗಿ ಬಂದ ಮೇಲೆಯೇ ನೋಡಿದ್ದು. ನಮ್ಮ ಹಸುಗಳು ಸಗಣಿ ಹಾಕುವ ಮುಂಚೆ ಅತ್ತೆಯ ಮುಖವನ್ನೊಮ್ಮೆ ನೋಡಿ, ಒಪ್ಪಿಗೆ ಸಿಕ್ಕ ಮೇಲೆ ಹಾಕುತ್ತವೆ ಎಂದು ನಮ್ಮ ಯಜಮಾನರು ಬಂದವರ ಹತ್ತಿರವೆಲ್ಲ ಹೇಳಿಕೊಂಡು ನಗುತ್ತಾರೆ.

ಇಂಥವರ ಜಮೀನಿನ ನಡುವೆ ಒಂದು ಹಳ್ಳ ಹರಿಯುತ್ತದೆ. ಇಂಥವರ ಸೊಸೆಗೆ, ಅಂದರೆ ನನಗೆ, ಹಳ್ಳದ ಹುಚ್ಚು ಹಿಡಿಯಿತು. ಇನ್ನು ಮನೆಯಲ್ಲಿ ಶಾಂತಿ ಎಲ್ಲಿಂದ ಬರಬೇಕು, ಹೇಳಿ.

ಹುಚ್ಚು ಹಿಡಿಸಿದವರು ದೊಡ್ಡ ಮೇಡಂ. ಹೋದ ವರ್ಷ ತರಬೇತಿ ಕೇಂದ್ರದವರು, ಹೊಲದೊಳಗೆ ಹರಿಯುವ ಹಳ್ಳ ಉಳಿಸುವುದು ಹೇಗೆಂದು ಕಲಿಸುತ್ತೇವೆ, ಮನೆಗೊಬ್ಬರು ಬನ್ನಿ ಎಂದು ಕರೆದಿದ್ದರು. ಹೋಗಬೇಕಾಗಿದ್ದವರು ನಮ್ಮ ಯಜಮಾನರು. ಅವರಿಗೆ ಅವತ್ತೇ ಹಲ್ಲುನೋವು ಬಂತು, ಕೆನ್ನೆ ಊದಿಸಿಕೊಂಡು ಕೂತರು. ಹಾಲು ಕರೆಯುವುದು ನಾನು, ಮೇವು ತರುವುದು ನಾನು, ಈಗ ಇದೊಂದು ಬಾಕಿ ಇತ್ತು ಎಂದು ದಾರಿಯುದ್ದಕ್ಕೂ ಗೊಣಗಿಕೊಂಡೇ ಹೋದೆ. ಅಲ್ಲಿ ನೋಡಿದರೆ ಮೊಣಕಾಲಿನವರೆಗೆ ರಬ್ಬರ್ ಬೂಟು ಹಾಕಿದ್ದ ಒಬ್ಬ ಎತ್ತರದ ಹೆಂಗಸು, ಮಾತಿಲ್ಲ ಕತೆಯಿಲ್ಲ, ನಮ್ಮನ್ನೆಲ್ಲ ನೇರವಾಗಿ ನೀರಿಗಿಳಿಸಿ, ಒಂದು ಕಲ್ಲೆತ್ತಿ ಮಗುಚಿ ನನ್ನ ಅಂಗೈ ಮೇಲಿಟ್ಟರು. ಕಲ್ಲಿನ ಒದ್ದೆ ಹೊಟ್ಟೆಯ ಮೇಲೆ ಅಕ್ಕಿಕಾಳಿನಷ್ಟು ಸಣ್ಣದೊಂದು ಹುಳ ಸರಕ್ಕನೆ ಓಡಿತು. ಅದಕ್ಕೆ ಮೂರು ಬಾಲ. ಹೊಟ್ಟೆಯ ಎರಡೂ ಪಕ್ಕದಲ್ಲಿ ಗರಿಯಂಥದ್ದೇನೋ ಪಟಪಟ ಬಡಿದುಕೊಳ್ಳುತ್ತಿತ್ತು. ನೀರಿಗೆ ಮಣ್ಣು, ಗೊಬ್ಬರ, ಔಷಧಿ ಸೇರಿದರೆ ಮೊದಲು ಸಾಯುವುದು ಇದೇ, ಇದು ಬದುಕಿದ್ದರೆ ನಿಮ್ಮ ಹಳ್ಳ ಬದುಕಿದೆ ಎಂದು ತಿಳಿಯಿರಿ ಎಂದರು ಮೇಡಂ. ನಾನು ಅಲ್ಲಿಗೇ ಮರುಳಾದೆ. ಆ ದಿನ ಕಲ್ಲು ಕೆಳಗಿಡಿ ಎಂದು ಅವರು ನನಗೆ ಎರಡೆರಡು ಸಲ ಹೇಳಬೇಕಾಯಿತು.

ಮನೆಗೆ ಬಂದವಳೇ ನಮ್ಮ ಹಳ್ಳದಲ್ಲಿ ಕಲ್ಲೆತ್ತಿ ನೋಡಿದೆ. ಲೋಳೆ ಬಿಟ್ಟರೆ ಏನೂ ಇರಲಿಲ್ಲ. ಹಟ ಹಿಡಿದೆ. ಹಸುಗಳು ನೀರಿಗಿಳಿದು ತುಳಿಯದ ಹಾಗೆ ಬೇಲಿ ಹಾಕಿಸಿದೆ. ಎರಡೂ ದಡದಲ್ಲಿ ಉಳುವುದನ್ನು ಬಿಟ್ಟು ಹುಲ್ಲು ಬೆಳೆಯಬಿಟ್ಟೆ. ಹೊಲದಿಂದ ಕೊಚ್ಚಿ ಬರುವ ಮಣ್ಣು ಗೊಬ್ಬರವನ್ನೆಲ್ಲ ಆ ಹುಲ್ಲೇ ಸೋಸಿ ಹಿಡಿದುಕೊಳ್ಳುತ್ತದೆ. ನೀರಿಗೆ ಬಿದ್ದ ಕೊಂಬೆ, ತರಗೆಲೆ ಯಾವುದನ್ನೂ ತೆಗೆಯಗೊಡಲಿಲ್ಲ, ಏಕೆಂದರೆ ಹುಳಗಳಿಗೆ ಮನೆಯೂ ಅದೇ, ಊಟವೂ ಅದೇ. ಇದನ್ನೆಲ್ಲ ನಾನು ಅತ್ತೆಗೆ ಹೇಳಲಿಲ್ಲವೆಂದಲ್ಲ. ಹೇಳಿದೆ. ಆದರೆ ಅವರು ಪಾತ್ರೆ ಉಜ್ಜುತ್ತ ಕೇಳಿದರು, ನಾನು ಸಿಡಿಮಿಡಿ ಎನ್ನುತ್ತ ಹೇಳಿದೆ. ನಾಲ್ಕು ಜನ ಓಡಾಡುವ ಜಾಗ ಕ್ಷೌರ ಕಾಣದ ಮುಖದ ಹಾಗೆ ಆಗಿದೆ, ಬಂದವರು ಈ ಮನೆಯಲ್ಲಿ ಹೆಂಗಸರೇ ಇಲ್ಲವಾ ಅಂದುಕೊಳ್ಳುತ್ತಾರೆ ಎಂದು ಅವರು ದಿನಕ್ಕೊಮ್ಮೆಯಾದರೂ ಅನ್ನದೆ ಬಿಡುತ್ತಿರಲಿಲ್ಲ. ಮಳೆಗಾಲ ಮುಗಿದು ನೀರು ತಿಳಿಯಾಗುವ ಹೊತ್ತಿಗೆ ನಮ್ಮ ಕಲ್ಲಿನ ಕೆಳಗೂ ಮೂರು ಬಾಲದ ಹುಳ ಬಂದಿತ್ತು. ನಾನು ಒಬ್ಬಳೇ ಕುಣಿದಾಡಿದೆ.

ಅಷ್ಟರಲ್ಲಿ ದೊಡ್ಡ ಮೇಡಂ ಫೋನ್ ಮಾಡಿದರು. ಈ ಕಡೆಯ ಹಳ್ಳಿಗಳಿಗೆ ತರಬೇತಿ ಕೊಡುವವರು ಬೇಕಾಗಿದ್ದಾರೆ. ನಿಮ್ಮ ಜಮೀನಿನಲ್ಲೇ ಒಂದು ದಿನ ನೀವೇ ತರಬೇತಿ ನಡೆಸಿ, ನಾನು ಸುಮ್ಮನೆ ಕೂತು ನೋಡುತ್ತೇನೆ, ಚೆನ್ನಾಗಿ ಮಾಡಿದರೆ ಕೆಲಸ ನಿಮ್ಮದು, ಇಲ್ಲದಿದ್ದರೆ ಬೇರೆಯವರನ್ನು ಹುಡುಕುತ್ತೇನೆ ಎಂದರು. ಮೇಡಂ ಮಾತು ಯಾವಾಗಲೂ ಹಾಗೇ, ಬೆಣ್ಣೆ ಹಚ್ಚುವುದಿಲ್ಲ. ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಈ ವಯಸ್ಸಿನವರೆಗೆ ನನ್ನನ್ನು ಯಾರಾದರೂ ಏನಾದರೂ ಕೇಳಿದ್ದರೆ ಅದು ಹಾಲೆಷ್ಟಾಯಿತು, ಮೇವು ಹಾಕಿದೆಯಾ ಎನ್ನುವುದನ್ನು ಮಾತ್ರ. ಜನ ಕೂತು ನನ್ನ ಮಾತು ಕೇಳುತ್ತಾರೆ ಎನ್ನುವುದನ್ನು ನೆನೆಸಿಕೊಂಡರೇ ಮೈ ಜುಮ್ಮೆನ್ನುತ್ತಿತ್ತು. ಆ ಕೆಲಸ ನನಗೆ ಬೇಕಿತ್ತು. ಮುಚ್ಚುಮರೆ ಏಕೆ, ಮದುವೆಗೂ ನಾನು ಇಷ್ಟು ಆಸೆಪಟ್ಟಿರಲಿಲ್ಲ.

ದಿನಾ ಹಾಲು ಕರೆಯುತ್ತ ಹಸುಗಳಿಗೇ ಭಾಷಣ ಮಾಡಿದೆ. ಕೆಂಪಿ ಮೊದಲನೆಯ ಸಲ ತಲೆಯಾಡಿಸಿತು, ಎರಡನೆಯ ಸಲ ಆಕಳಿಸಿತು, ಮೂರನೆಯ ಸಲ ಒದ್ದಿತು, ಜನ ಇಷ್ಟು ಒಳ್ಳೆಯವರಾಗಿರುವುದಿಲ್ಲ ಎಂದರು ಯಜಮಾನರು. ಅತ್ತೆ ಮಾತ್ರ ಎಷ್ಟು ಜನ ಬರುತ್ತಾರೆ, ಹಳ್ಳದ ಹತ್ತಿರವೂ ಬರುತ್ತಾರಾ ಎಂದು ಕೇಳಿದರು, ಅಷ್ಟೆ. ಊರಿನ ಅರ್ಧ ಜನ ಬರುತ್ತಾರೆ ಅತ್ತೆ, ಮುಖ್ಯವಾಗಿ ನೋಡುವುದೇ ಹಳ್ಳವನ್ನು ಎಂದೆ. ಅವರು ಹೌದಾ ಎಂದು ಹಳ್ಳದ ಕಡೆ ನೋಡಿದರು.

ಹಿಂದಿನ ದಿನ ಬಲೆ, ಬಿಳಿ ಟ್ರೇ, ಭೂತಗನ್ನಡಿಗಳನ್ನೆಲ್ಲ ತರಲು ನಾನು ಕೇಂದ್ರಕ್ಕೆ ಹೋಗಿ ಅಲ್ಲೇ ಉಳಿದೆ. ಸಂಜೆ ಮನೆಗೆ ಫೋನ್ ಮಾಡಿದರೆ ಎತ್ತಿಕೊಂಡವರು ಅತ್ತೆ. ಫೋನ್ ಮುಟ್ಟಿದರೆ ಕೈ ತೊಳೆಯುವ ಹೆಂಗಸು ಅದು.

"ನೀನು ಧೈರ್ಯವಾಗಿ ಬಾ," ಎಂದರು. "ಇಲ್ಲಿ ಎಲ್ಲಾ ನಾನು ನೋಡ್ಕೊಂಡಿದೀನಿ. ಅಷ್ಟು ಜನದ ಮುಂದೆ ನಿನ್ನ ಮರ್ಯಾದೆ ಹೋಗೋಕೆ ಬಿಡ್ತೀನಾ?"

ಹಿಂದಿನಿಂದ ಯಜಮಾನರು ಏನೋ ಹೇಳಲು ಬಾಯಿ ಹಾಕಿದ್ದು ಕೇಳಿಸಿತು. ಅತ್ತೆ ಫೋನ್ ಇಟ್ಟೇಬಿಟ್ಟರು. ಈ ಮನೆಗೆ ಬಂದಾಗಿನಿಂದ ಅವರ ಬಾಯಲ್ಲಿ ಇಂಥ ಮಾತು ನಾನು ಕೇಳಿರಲಿಲ್ಲ. ಆ ಖುಷಿಯಲ್ಲಿ ಯಜಮಾನರು ಹೇಳಹೊರಟಿದ್ದು ಏನೆಂದು ವಿಚಾರಿಸುವುದೂ ಮರೆತುಹೋಯಿತು.

ಬೆಳಿಗ್ಗೆ ಮೇಡಂ ಜೊತೆ ವ್ಯಾನಿನಲ್ಲಿ ಬಂದಿಳಿದರೆ ನಮ್ಮ ಶೆಡ್ಡು ಶೆಡ್ಡಿನ ಹಾಗಿರಲಿಲ್ಲ. ಗುದ್ದಲಿ, ಹಾರೆಗಳು ಗೋಡೆಗೆ ಸಾಲಾಗಿ ಒರಗಿದ್ದವು, ಪಂಪ್‌ಸೆಟ್ಟಿಗೂ ಎಣ್ಣೆ ಒರೆಸಿ ಹೊಳಪು ಬಂದಿತ್ತು, ಕುರ್ಚಿಗಳ ತುಂಬ ಜನ. ಮುಂದಿನ ಸಾಲಿನಲ್ಲೇ ಟ್ರ್ಯಾಕ್ಟರ್ ಮಾವ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ನಮ್ಮ ಕೆಳಗಿನ ಜಮೀನಿನವರು. ಗಾಲಿ ನೀರಿಗೆ ತಾಗುವವರೆಗೆ ಉಳದಿದ್ದರೆ ಅವರಿಗೆ ಉತ್ತ ಹಾಗೇ ಆಗುವುದಿಲ್ಲ. ವರ್ಷವಿಡೀ ನನ್ನ ಹುಲ್ಲಿನ ಪಟ್ಟಿಯನ್ನು ಆಡಿಕೊಂಡು ನಕ್ಕವರು. ಮೇಡಂ ಹಿಂದಿನ ಕುರ್ಚಿಯಲ್ಲಿ ಹೋಗಿ ಕೂತರು, ಕೈಕಟ್ಟಿದರು.

ನಾನು ಶುರುಮಾಡಿದೆ. ಮೊದಲೆರಡು ಮಾತಿಗೆ ನಾಲಿಗೆ ಒಣಗಿತು, ಆಮೇಲೆ ಯಾರು ತಡೆದರೂ ನಿಲ್ಲದ ಹಾಗಾಯಿತು. ಒಂದು ಟ್ರೇಯಲ್ಲಿ ಬರೀ ಮಣ್ಣು, ಇನ್ನೊಂದರಲ್ಲಿ ಹುಲ್ಲು ಬೆಳೆದ ಮಣ್ಣು ಇಟ್ಟು, ಎರಡಕ್ಕೂ ಕ್ಯಾನಿನಿಂದ ನೀರು ಹುಯ್ದೆ. ಕೆಳಗಿಟ್ಟಿದ್ದ ಬಾಟಲಿಗಳಿಗೆ ಒಂದರಿಂದ ಕೆಸರು ಇಳಿಯಿತು, ಇನ್ನೊಂದರಿಂದ ತಿಳಿನೀರು. ಕೆಸರಿನ ಬಾಟಲಿಯನ್ನು ಟ್ರ್ಯಾಕ್ಟರ್ ಮಾವನ ಕೈಗೇ ಕೊಟ್ಟು, ಮಾವ, ಇದು ನಿಮ್ಮ ಹೊಲದ ಮೇಲ್ಮಣ್ಣು, ಮನೆಗೆ ತಗೊಂಡು ಹೋಗಿ ಎಂದೆ. ಶೆಡ್ಡಿನಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾವನೂ ನಕ್ಕರು. ಹಿಂದೆ ಮೇಡಂ ಕಟ್ಟಿದ್ದ ಕೈ ಬಿಚ್ಚಿದ್ದನ್ನು ನಾನು ಓರೆಗಣ್ಣಿನಲ್ಲೇ ನೋಡಿಬಿಟ್ಟೆ. ಇನ್ನೇನು, ಕೆಲಸ ಕೈಗೆ ಬಂದ ಹಾಗೇ ಎಂದುಕೊಂಡು, ಬನ್ನಿ ಎಲ್ಲರೂ, ಜೀವಂತ ಹಳ್ಳ ತೋರಿಸುತ್ತೇನೆ ಎಂದು ಬಲೆ ಹೆಗಲಿಗೇರಿಸಿ ಮುಂದೆ ನಡೆದೆ.

ಬೇಲಿ ದಾಟಿದವಳು ಗಕ್ಕನೆ ನಿಂತೆ.

ಹಳ್ಳವನ್ನು ತೊಳೆದಿದ್ದರು. ಸುಳ್ಳಲ್ಲ, ಪಾತ್ರೆ ತೊಳೆದ ಹಾಗೆ ತೊಳೆದಿದ್ದರು. ದಡದ ಹುಲ್ಲನ್ನು ಬುಡಸಮೇತ ಕೊಯ್ದು ಗುಡಿಸಿ ನೆಲ ಕಾಣುವಂತೆ ಮಾಡಿದ್ದರು. ನೀರಿನಲ್ಲಿ ಒಂದು ಕೊಂಬೆಯಿಲ್ಲ, ಒಂದೆಲೆಯಿಲ್ಲ. ಕಲ್ಲುಗಳನ್ನೆಲ್ಲ ಮೇಲೆತ್ತಿ, ಬ್ರಷ್ಷಿನಲ್ಲಿ ಪಾಚಿ ಉಜ್ಜಿ, ದೊಡ್ಡದು, ನಡುವಿನದು, ಸಣ್ಣದು ಎಂದು ದಡದುದ್ದಕ್ಕೂ ಜೋಡಿಸಿದ್ದರು. ನೀರು ತಡೆಯಿಲ್ಲದೆ ಚರಂಡಿಯಲ್ಲಿ ಹೋದ ಹಾಗೆ ನೇರವಾಗಿ ಹರಿದುಹೋಗುತ್ತಿತ್ತು. ಕೊನೆಯಲ್ಲಿ ಎರಡು ಹೂಕುಂಡ ಬೇರೆ. ಅವುಗಳ ಪಕ್ಕದಲ್ಲಿ, ಮದುವೆಮನೆಗೆ ಹೋಗುವಾಗ ಮಾತ್ರ ತೆಗೆಯುವ ಬಟ್ಟೆ ಉಟ್ಟು, ಪೊರಕೆಯನ್ನು ಬೆನ್ನ ಹಿಂದೆ ಮರೆಮಾಡಿಕೊಂಡು ಅತ್ತೆ ನಿಂತಿದ್ದರು. ಇದನ್ನೆಲ್ಲ ಮಾಡಿದವರು ಯಾರು ಎಂದು ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದ ಮುಖ. ಅಮ್ಮ ಅಕ್ಕಪಕ್ಕದ ಮನೆಯ ಹೆಂಗಸರನ್ನೂ ಕಟ್ಟಿಕೊಂಡು ನಿನ್ನೆಯಿಡೀ ಬಗ್ಗಿದ ಬೆನ್ನು ಎತ್ತಿಲ್ಲ, ನಾನು ಹೇಳಿದರೆ ಕೇಳಲಿಲ್ಲ ಕಣೇ ಎಂದು ಯಜಮಾನರು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು.

ಟ್ರ್ಯಾಕ್ಟರ್ ಮಾವ ಸೊಂಟದ ಮೇಲೆ ಕೈಯಿಟ್ಟು ನೋಡಿದರು.

"ಇದಪ್ಪಾ ಹಳ್ಳ ಅಂದ್ರೆ," ಎಂದರು. "ಇಷ್ಟು ದಿನ ನಾನೇ ತಪ್ಪು ತಿಳ್ಕೊಂಡಿದ್ದೆ ಕಣಮ್ಮ. ಹೀಗಿಟ್ಕೊಳ್ಳೋದಾದ್ರೆ ನಾನೂ ಸೈ. ನಾಳೆನೇ ನಮ್ಮ ಕಡೆದೂ ಉಜ್ಜಿಸ್ತೀನಿ."

ಎಲ್ಲರೂ ತಲೆಯಾಡಿಸಿದರು. ಕೆಲವರು ಫೋನ್ ತೆಗೆದು ಫೋಟೋ ಹೊಡೆದುಕೊಂಡರು. ನನಗೆ ಪಿತ್ತ ನೆತ್ತಿಗೇರಿತು. ಅತ್ತೆಯ ಕಡೆ ತಿರುಗಿದೆ, ಬಾಯಿಗೆ ಬಂದದ್ದು ಹೊರಗೆ ಬೀಳುವುದರಲ್ಲಿತ್ತು. ಆಗ ಅವರ ಕೈ ಕಂಡಿತು. ಬೆರಳ ಗೆಣ್ಣುಗಳ ಚರ್ಮ ಕಿತ್ತುಬಂದು ಕೆಂಪಗಾಗಿತ್ತು. ಬಲೆ ಹಿಡಿದು ನೀರಿನ ಕಡೆ ತಿರುಗಿದೆ.

ಶುರುಮಾಡಿ ಎಂದರು ಮೇಡಂ. ಅವರ ಮುಖದಲ್ಲಿ ಏನೂ ಓದಲಾಗಲಿಲ್ಲ. ಬಲೆ ಹಾಕಿದೆ, ಕಾಲಲ್ಲಿ ತಳ ಕದಡಿದೆ, ಎತ್ತಿ ಟ್ರೇಗೆ ಕೊಡವಿದೆ. ತಿಳಿನೀರು, ಮರಳು, ಬ್ರಷ್ಷಿನ ಒಂದು ಎಳೆ. ಒಂದು ಹುಳವೂ ಇರಲಿಲ್ಲ. ಜನ ಇಣುಕಿ ನೋಡಿ, ಎಷ್ಟು ಸ್ವಚ್ಛವಾಗಿದೆ ಎಂದು ಮೆಚ್ಚಿಕೊಂಡರು.

ಸುಮ್ಮನಿದ್ದುಬಿಟ್ಟರೆ ಅತ್ತೆಯ ಮಾನ ಉಳಿಯುತ್ತಿತ್ತು. ಆದರೆ ನಾಳೆ ಊರಿನ ಅರ್ಧ ಜನ ಬ್ರಷ್ಷು ಹಿಡಿದು ಹಳ್ಳಕ್ಕಿಳಿಯುತ್ತಿದ್ದರು, ನನ್ನ ಹೆಸರು ಹೇಳಿಕೊಂಡೇ ಇಳಿಯುತ್ತಿದ್ದರು. ಹೇಳಿದರೆ, ಈ ಮನೆಯಲ್ಲಿ ಅತ್ತೆ ನನಗಾಗಿ ಮಾಡಿದ ಮೊದಲ ಕೆಲಸಕ್ಕೆ ಅವರ ವಾರಿಗೆಯವರ ಮುಂದೆಯೇ ಕೆಸರೆರಚಿದ ಹಾಗೆ. ಏನು ಮಾಡಲಿ, ನೀವೇ ಹೇಳಿ.

"ಈ ಹಳ್ಳ ಮೊನ್ನೆ ತನಕ ಹೀಗಿರಲಿಲ್ಲ," ಎಂದೆ ಕೊನೆಗೆ. "ದಯವಿಟ್ಟು ಯಾರೂ ಹೀಗೆ ಮಾಡ್ಬೇಡಿ. ಇದ್ರಲ್ಲಿ ಈಗ ಜೀವ ಇಲ್ಲ."

ಯಾರು ಮಾಡಿದ್ದೆಂದು ನಾನು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಕಲ್ಲನ್ನು ಅಳತೆ ನೋಡಿ ಜೋಡಿಸುವವರು ನಮ್ಮೂರಲ್ಲಿ ಇನ್ಯಾರಿದ್ದಾರೆ. ಎಲ್ಲರ ತಲೆಯೂ ಅತ್ತೆಯ ಕಡೆ ತಿರುಗಿತು. ಅವರು ಪೊರಕೆಯನ್ನು ಬೇಲಿಗೆ ನೆಟ್ಟಗೆ ಒರಗಿಸಿದರು. ಮನೆಯ ಕಡೆ ನಡೆದುಬಿಟ್ಟರು. ಕೆಲಸವೂ ಹೋಯಿತು, ಅತ್ತೆಯೂ ಹೋದರು ಎಂದುಕೊಂಡೆ.

ಆದರೆ ನನ್ನ ಬಾಯಿ ಒಮ್ಮೆ ತೆರೆದರೆ ಮುಚ್ಚುವ ಜಾತಿಯದಲ್ಲ. ಇಲ್ಲಿದ್ದ ಎಲೆ ಕೊಂಬೆಗಳೆಲ್ಲ ಎಲ್ಲಿ ಎಂದು ಯಜಮಾನರ ಮೇಲೆ ರೇಗಿದೆ. ಅವರು ಕೊಟ್ಟಿಗೆಯ ಹಿಂಬದಿಗೆ ಕೈ ತೋರಿಸಿದರು. ಬಂದವರ ಕಣ್ಣಿಗೆ ಬೀಳಬಾರದೆಂದು ಅತ್ತೆ ರಾಶಿಯ ಮೇಲೆ ಗೋಣಿಚೀಲ ಮುಚ್ಚಿದ್ದರು. ಒಣಗಿ ಅಂಗಳಕ್ಕೆ ಹಾರಬಾರದೆಂದು ಬೆಳಿಗ್ಗೆಯೂ ಬಿಂದಿಗೆಗಟ್ಟಲೆ ನೀರು ಹುಯ್ದಿದ್ದರಂತೆ. ಒದ್ದೆ ಎಂದು ಕೇಳಿದ್ದೇ ತಡ, ನಾನು ಬಿದ್ದಂಬೀಳ ಓಡಿದೆ. ಜನವೂ ನನ್ನ ಹಿಂದೆ ಓಡಿ ಬಂತು, ಏಕೆಂದು ಯಾರಿಗೂ ಗೊತ್ತಿಲ್ಲ.

ಗೋಣಿ ಎತ್ತಿ, ಒಳಗಿನಿಂದ ಒಂದು ಹಿಡಿ ಎಲೆ ತೆಗೆದು, ಟ್ರೇಯ ನೀರಿನಲ್ಲಿ ಮೆಲ್ಲಗೆ ಅಲುಗಿಸಿ ಕಾದೆ. ಕೆಸರು ತಳಕ್ಕೆ ಕೂತಿತು. ಏನೂ ಅಲ್ಲಾಡಲಿಲ್ಲ. ಟ್ರ್ಯಾಕ್ಟರ್ ಮಾವ ಕೆಮ್ಮಿದರು. ಇನ್ನೂ ಕಾದೆ. ಒಂದು ಎಲೆಯ ಅಂಚು ಅಲುಗಿತು. ಅದರಡಿಯಿಂದ ಮೊದಲು ಮೀಸೆ, ಆಮೇಲೆ ತಲೆ, ಆಮೇಲೆ ಒಂದು, ಎರಡು, ಮೂರು ಬಾಲ.

ನಾನು ಕಿರುಚಿದ್ದಕ್ಕೆ ಕೊಟ್ಟಿಗೆಯ ಹಸುಗಳೆಲ್ಲ ಎದ್ದು ನಿಂತವಂತೆ.

ಆಮೇಲೆ ನೋಡಬೇಕಿತ್ತು ಮಜ. ಇದ್ದಬದ್ದ ಟ್ರೇಗಳೆಲ್ಲ ಬಂದವು, ಸಾಲದೆ ಹಾಲಿನ ಪಾತ್ರೆಗಳೂ ಬಂದವು. ಒಬ್ಬೊಬ್ಬರು ಒಂದೊಂದು ಹಿಡಿ ಎಲೆ ಹಿಡಿದು ಕೂತರು. ಏರೋಪ್ಲೇನ್ ಚಿಟ್ಟೆಯ ಮರಿ ಸಿಕ್ಕಿತು. ರೆಕ್ಕೆ ಬರುವ ಮುಂಚೆ ಅದು ನೀರಿನಲ್ಲೇ ಇರುತ್ತದೆ ಎಂದರೆ ಒಬ್ಬರೂ ನಂಬಲಿಲ್ಲ. ಮರಳಿನ ಕಾಳುಗಳನ್ನು ಎಂಜಲಲ್ಲಿ ಅಂಟಿಸಿ ಕೊಳವೆಯಂಥ ಮನೆ ಕಟ್ಟಿಕೊಂಡು, ಅದನ್ನು ಹೊತ್ತುಕೊಂಡೇ ತಿರುಗುವ ಹುಳ ಸಿಕ್ಕಿತು. ಟ್ರ್ಯಾಕ್ಟರ್ ಮಾವ ಭೂತಗನ್ನಡಿ ಹಿಡಿದು ನೆಲಕ್ಕೆ ಮಂಡಿಯೂರಿದ್ದರು, ಬೇರೆಯವರಿಗೆ ಕೊಡಿ ಅಂದರೆ ಕೇಳಿಸದ ಹಾಗೆ ಮಾಡುತ್ತಿದ್ದರು. ಇವುಗಳನ್ನು ಬೇಗ ನೀರಿಗೆ ಬಿಡಬೇಕು, ಕಲ್ಲು ಕೊಂಬೆ ಎಲ್ಲ ವಾಪಸು ಹೋಗಬೇಕು, ಬನ್ನಿ ಎಂದೆ. ಆಗ ಎಲ್ಲರೂ ತಮ್ಮ ತಮ್ಮ ಬೂಟು ಚಪ್ಪಲಿ ನೋಡಿಕೊಂಡರು. ಒಳ್ಳೆಯ ಬಟ್ಟೆಯಲ್ಲಿ ಕೆಸರಿಗಿಳಿಯಲು ಯಾರಿಗೆ ಮನಸ್ಸು ಬರುತ್ತದೆ.

ಅಷ್ಟರಲ್ಲಿ ಗುಂಪು ಸರಿಯಿತು. ಅತ್ತೆ ಬಂದಿದ್ದರು. ಒಳ್ಳೆಯ ಬಟ್ಟೆ ಬದಲಿಸಿ ಕೊಟ್ಟಿಗೆಯ ಬಟ್ಟೆ ಹಾಕಿಕೊಂಡಿದ್ದರು, ತೋಳು ಮಡಚಿದ್ದರು. ಕಣ್ಣು ಕೆಂಪಾಗಿತ್ತು. ಟ್ರ್ಯಾಕ್ಟರ್ ಮಾವನನ್ನು ಮೊಣಕೈಯಲ್ಲಿ ಆಚೆ ತಳ್ಳಿ ಟ್ರೇಯೊಳಗೆ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು.

"ಇವು ಆ ಕಸದೊಳಗಿದ್ವಾ?"

"ಹೂಂ, ಅತ್ತೆ."

"ಇದು ಹೊತ್ಕೊಂಡಿರೋದು ಏನು?"

"ಮನೆ. ಅದೇ ಕಟ್ಕೊಂಡಿರೋದು."

ಅತ್ತೆ ಸೊಂಟ ನೆಟ್ಟಗೆ ಮಾಡಿ ಗುಂಪಿನ ಕಡೆ ತಿರುಗಿದರು. "ಏನ್ ನಿಂತ್ಕೊಂಡು ನೋಡ್ತಿದೀರಿ? ಮನೆ ಕೆಡವಿದೋಳು ನಾನು. ಕಟ್ಟೋದಕ್ಕೆ ಒಂದು ಕೈ ಕೊಡಿ."

ಹೇಳಿದವರೇ ಒಂದು ಕಲ್ಲೆತ್ತಿಕೊಂಡು ನೀರಿಗಿಳಿದರು. ಇನ್ನು ಯಾರು ತಾನೆ ದಡದಲ್ಲಿ ನಿಲ್ಲುತ್ತಾರೆ. ಟ್ರ್ಯಾಕ್ಟರ್ ಮಾವ ಬೂಟು ಬಿಚ್ಚಿ ಎಸೆದು, ಇಬ್ಬರನ್ನು ಸೇರಿಸಿಕೊಂಡು ದೊಡ್ಡ ಕೊಂಬೆಯನ್ನು ಹೊತ್ತು ತಂದರು. ಕೂತು ನೋಡುತ್ತೇನೆ ಎಂದಿದ್ದ ಮೇಡಂ ಮೊದಲ ಕಲ್ಲಿಗೇ ನೀರಿಗಿಳಿದಿದ್ದರು. ನಾನು ನೀರಿನ ನಡುವೆ ನಿಂತು ಗಂಟಲು ಹರಿಯುವಂತೆ ಪಾಠ ಮಾಡಿದೆ: ಕೊಂಬೆ ಓರೆಯಾಗಿರಲಿ, ನೀರಿನ ಓಟ ಮುರಿಯುತ್ತದೆ; ಕಲ್ಲು ಅರ್ಧ ಹೂತಿರಲಿ, ಕೆಳಗೆ ಸಂದು ಬೇಕು; ಎಲೆಗಳು ಕಲ್ಲಿನ ನಡುವೆ ಸಿಕ್ಕಿಕೊಳ್ಳಲಿ, ಕೊಚ್ಚಿಹೋಗಬಾರದು. ಶೆಡ್ಡಿನಲ್ಲಿ ಹೇಳಲು ಇಟ್ಟುಕೊಂಡಿದ್ದ ಭಾಷಣವೆಲ್ಲ ಮರೆತೇಹೋಗಿತ್ತು, ಅದಕ್ಕಿಂತ ಒಳ್ಳೆಯದು ತಾನಾಗಿ ಬರುತ್ತಿತ್ತು. ತಿರುಗಿ ನೋಡಿದರೆ ಅತ್ತೆ ಕಲ್ಲುಗಳನ್ನು ಮತ್ತೆ ಸಾಲಾಗಿ ಇಡುತ್ತಿದ್ದಾರೆ. ಅತ್ತೆ, ಸಾಲು ಬೇಡ, ಚೆಲ್ಲಾಪಿಲ್ಲಿ ಹಾಕಿ ಎಂದೆ. ನನಗೆ ಗೊತ್ತಾಯಿತು, ಈ ಕೈಗಳಿಗೆ ಗೊತ್ತಾಗಬೇಕಲ್ಲ ಎಂದರು. ಹಳ್ಳದ ತುಂಬ ನಗು ಎದ್ದಿತು. ಅತ್ತೆಯೂ ನಕ್ಕರು.

ಎಲ್ಲ ಮುಗಿಸಿ ಶೆಡ್ಡಿಗೆ ಬಂದಾಗ ಒಬ್ಬರ ಬಟ್ಟೆಯೂ ಒಣಗಿರಲಿಲ್ಲ. ಟೀ ಕುಡಿದೆವು. ಒಬ್ಬೊಬ್ಬರೂ ಎದ್ದು, ಇವತ್ತು ಏನು ಕಲಿತಿರಿ, ಮನೆಗೆ ಹೋಗಿ ಏನು ಮಾಡುತ್ತೀರಿ ಹೇಳಿ, ಅದನ್ನು ಕೇಳಿಯೇ ನಾನು ತೀರ್ಮಾನ ಹೇಳುವುದು ಎಂದರು ಮೇಡಂ. ಟ್ರ್ಯಾಕ್ಟರ್ ಮಾವ ಎದ್ದು, ಹಳ್ಳದಿಂದ ಟ್ರ್ಯಾಕ್ಟರಿನ ಉದ್ದದಷ್ಟು ಜಾಗ ಉಳದೆ ಬಿಡುತ್ತೇನೆ, ಆದರೆ ನಮ್ಮನೆಯವಳಿಗೆ ನೀನೇ ಬಂದು ಹೇಳಬೇಕು, ಅವಳ ಹತ್ತಿರವೂ ಬ್ರಷ್ಷಿದೆ ಎಂದರು. ಒಬ್ಬರಾದ ಮೇಲೆ ಒಬ್ಬರು ಹೇಳಿದರು. ಕೊನೆಗೆ ಬಾಗಿಲ ಹತ್ತಿರ ನಿಂತಿದ್ದ ಅತ್ತೆಯನ್ನು ಮೇಡಂ ಕರೆದರು, ನೀವೂ ಹೇಳಿ ಎಂದರು.

ಅತ್ತೆ ಒದ್ದೆ ಕೈಗಳನ್ನು ಒರೆಸಿಕೊಂಡರು.

"ಇವಳು ದಿನಾ ಸಂಜೆ ಹಳ್ಳದ ಹತ್ರ ಹೋಗಿ, ಬಗ್ಗಿ ಏನೋ ನೋಡ್ತಾ, ಒಬ್ಬಳೇ ನಗ್ತಿರ್ತಾಳೆ. ಅಡುಗೆಮನೆ ಕಿಟಕಿಯಿಂದ ಕಾಣುತ್ತೆ," ಎಂದರು. "ಮನೆಯಲ್ಲಿ ಹಾಗೆ ನಗಲ್ಲ. ನನ್ನ ಕಾಟ ತಪ್ಪಿಸ್ಕೊಂಡು ನಗೋಕೆ ಹೋಗ್ತಾಳೆ ಅಂದ್ಕೊಂಡಿದ್ದೆ. ಅಲ್ಲಿ ಇಂಥದ್ದೆಲ್ಲ ಇದೆ ಅಂತ ಇವತ್ತು ಗೊತ್ತಾಯ್ತು." ಮಡಚಿದ್ದ ತೋಳನ್ನು ಇಳಿಸಿಕೊಂಡರು. "ಒಂದು ದಿನ ಕರೆದಿದ್ರೆ ನಾನೂ ಬರ್ತಿದ್ದೆ."

ಯಾವಾಗಲೂ ಏನಾದರೊಂದು ತಮಾಷೆ ಇಟ್ಟುಕೊಂಡಿರುವ ನಮ್ಮ ಯಜಮಾನರೂ ತಲೆ ತಗ್ಗಿಸಿ ಉಗುರು ನೋಡಿಕೊಳ್ಳುತ್ತಿದ್ದರು. ಊರಿಗೆಲ್ಲ ಹಳ್ಳ ತೋರಿಸಲು ಹೊರಟವಳು ಅತ್ತೆಯನ್ನು ಒಂದು ದಿನವೂ ಕರೆದಿರಲಿಲ್ಲ. ಕಣ್ಣಲ್ಲಿ ನೀರು ಬಂತು, ಬರಲಿ ಎಂದು ಬಿಟ್ಟೆ.

ಮೇಡಂ ಎದ್ದು ಬೂಟು ಸರಿಮಾಡಿಕೊಂಡರು. "ಈ ಕಡೆಯ ತರಬೇತಿಯೆಲ್ಲಾ ಇನ್ಮೇಲೆ ನಿಮ್ದೇ," ಎಂದರು ನನಗೆ. "ಇವರಿಂದಾನೇ ಶುರುಮಾಡಿ."

ಆ ಮಾತಿಗಾಗಿ ನಾನು ಎಷ್ಟು ದಿನದಿಂದ ಕಾದಿದ್ದೆ. ಜನ ಚಪ್ಪಾಳೆ ತಟ್ಟಿದರು ಅನಿಸುತ್ತದೆ, ನನಗೆ ಸರಿಯಾಗಿ ಕೇಳಿಸಲಿಲ್ಲ. ನೇರವಾಗಿ ಅತ್ತೆಯ ಹತ್ತಿರ ಹೋಗಿ, ಬನ್ನಿ ಅತ್ತೆ, ಬೆಳಕಿರುವಾಗಲೇ ಹೋಗಿ ನೋಡೋಣ ಎಂದೆ. ಅವರು ಮೇಜಿನ ಕಡೆ ನೋಡಿದರು. ಅಷ್ಟು ಜನ ಟೀ ಕುಡಿದಿಟ್ಟ ಲೋಟಗಳು ಮೇಜಿನ ಮೇಲೆ, ಕುರ್ಚಿಯ ಕೆಳಗೆ, ಪಂಪ್‌ಸೆಟ್ಟಿನ ಮೇಲೆ ಎಲ್ಲೆಂದರಲ್ಲಿ ಬಿದ್ದಿದ್ದವು, ಅವಕ್ಕೆ ಆಗಲೇ ನೊಣ ಮುತ್ತಿತ್ತು. ಇವನ್ನೊಂದಿಷ್ಟು ತೊಳೆದು ಎಂದು ಬಾಯಿ ತೆರೆದರು. ನನ್ನ ಮುಖ ನೋಡಿದರು. ಆಮೇಲೆ ಎಂಜಲು ಲೋಟಗಳನ್ನೆಲ್ಲ ಹಾಗೇ ಬಿಟ್ಟು, ನನ್ನ ಕೈ ಹಿಡಿದುಕೊಂಡು ಹಳ್ಳದ ಕಡೆ ಹೊರಟರು.